ಇನ್ನೊಬ್ಬರ ಕಾರ್ಡಿನಲ್ಲಿ ನಮ್ಮ ಹೆಸರು: ಕ್ರೆಡಿಟ್ ಸ್ಕೋರ್ ಹೀಗೆ ಏರಿಸುವುದು ಸರಿಯೇ?



ಲೆಕ್ಕಶಾಸ್ತ್ರದಲ್ಲಿ ಅನುಪಾತ ವಿಶ್ಲೇಷಣೆ ಓದುವಾಗ ‘ವಿಂಡೋ ಡ್ರೆಸ್ಸಿಂಗ್’ ಎಂಬ ಮಾತು ಬರುತ್ತದೆ. ಒಂದು ಕಂಪನಿಯ ಚಾಲ್ತಿ ಆಸ್ತಿ 2,00,000 ರೂಪಾಯಿ, ಚಾಲ್ತಿ ಹೊಣೆಗಾರಿಕೆ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಚಾಲ್ತಿ ಅನುಪಾತ 2:1. ಮಾರ್ಚ್ 31ಕ್ಕೆ ಎರಡು ದಿನ ಮೊದಲು ಕಂಪನಿ 50,000 ರೂಪಾಯಿ ಸಾಲ ತೀರಿಸಿತು. ಈಗ ಆಸ್ತಿ 1,50,000, ಹೊಣೆ 50,000, ಅನುಪಾತ 3:1. ಸಾಲ ತೀರಿಸುವುದು ತಪ್ಪಲ್ಲ. ಆದರೆ ಏಪ್ರಿಲ್ ಮೊದಲ ವಾರದಲ್ಲೇ ಅಷ್ಟೇ ಸಾಲ ಮತ್ತೆ ತೆಗೆದುಕೊಳ್ಳುವ ಉದ್ದೇಶ ಮೊದಲೇ ಇದ್ದರೆ, ಜಮಾ-ಖರ್ಚಿನಲ್ಲಿ ಒಂದು ಸುಳ್ಳೂ ಬರೆಯದೆ ಓದುವವರಿಗೆ ಮೋಸ ಮಾಡಿದಂತಾಗುತ್ತದೆ.

ಕಂಪನಿಗಳಂತೆ ಮನುಷ್ಯರಿಗೂ ಈಗ ಒಂದು ಅಂಕ ಇದೆ. ಅದನ್ನೂ ಹೀಗೆ ಶೃಂಗಾರ ಮಾಡಬಹುದು. ಅಮೆರಿಕದಲ್ಲಿ ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಒಂದು ದಾರಿಯೆಂದರೆ ಬೇರೆಯವರ ಕ್ರೆಡಿಟ್ ಕಾರ್ಡಿನಲ್ಲಿ ‘ಅಧಿಕೃತ ಬಳಕೆದಾರ’ ಎಂದು ಹೆಸರು ಸೇರಿಸಿಕೊಳ್ಳುವುದು. ಇದು ಸರಿಯೇ, ತಪ್ಪೇ ಎಂಬುದು ಈ ಲೇಖನದ ವಿಷಯ.

ಕ್ರೆಡಿಟ್ ಸ್ಕೋರ್ ಎಂದರೇನು?

ಸಾಲ ಕೇಳಲು ಬಂದ ವ್ಯಕ್ತಿ ಹಿಂದೆ ಪಡೆದ ಸಾಲವನ್ನು ಹೇಗೆ ತೀರಿಸಿದ್ದಾನೆ ಎಂಬುದನ್ನು ನೋಡಿ, ಮುಂದೆ ಹೇಗೆ ತೀರಿಸಬಹುದು ಎಂದು ಅಂದಾಜು ಮಾಡುವ ಸಂಖ್ಯೆಯೇ ಕ್ರೆಡಿಟ್ ಸ್ಕೋರ್. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫೈಕೋ ಸ್ಕೋರ್. 1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಸ್ಥಾಪಿಸಿದ ಕಂಪನಿ ಇದನ್ನು 1989ರಲ್ಲಿ ಬಳಕೆಗೆ ತಂದಿತು. ಸಾಮಾನ್ಯ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಕಂಪನಿಯೇ ತಿಳಿಸಿದೆ:

1. ಸಕಾಲಕ್ಕೆ ಪಾವತಿ ಮಾಡಿದ ದಾಖಲೆ – ಶೇ. 35
2. ಈಗ ಇರುವ ಬಾಕಿ – ಶೇ. 30
3. ಸಾಲದ ಖಾತೆಗಳು ಎಷ್ಟು ಹಳೆಯವು – ಶೇ. 15
4. ಹೊಸದಾಗಿ ಕೇಳಿದ ಸಾಲ – ಶೇ. 10
5. ಸಾಲಗಳಲ್ಲಿನ ವೈವಿಧ್ಯ – ಶೇ. 10

ಈ ಪಟ್ಟಿಯಲ್ಲಿ ಸಂಬಳ ಇಲ್ಲ, ಆಸ್ತಿ ಇಲ್ಲ, ಓದಿನ ಅಂಕಗಳೂ ಇಲ್ಲ. ಒಬ್ಬ ಹುಡುಗ ಒಳ್ಳೆಯ ಕೆಲಸದಲ್ಲಿದ್ದರೂ ಹಿಂದೆ ಎಂದೂ ಸಾಲ ಮಾಡಿರದಿದ್ದರೆ ಅವನಿಗೆ ಸ್ಕೋರ್ ಇರುವುದಿಲ್ಲ. ಸ್ಕೋರ್ ಇಲ್ಲದಿದ್ದರೆ ಸಾಲ ಕಷ್ಟ, ಸಾಲ ಸಿಗದಿದ್ದರೆ ಸ್ಕೋರ್ ಹುಟ್ಟುವುದಿಲ್ಲ. ಅಲ್ಲಿ ಬಾಡಿಗೆ ಮನೆ ಕೊಡುವವರೂ ಹಲವರು ಸಾಲದ ದಾಖಲೆ ನೋಡುತ್ತಾರೆ. ಹಾಗಾಗಿ ಸ್ಕೋರ್ ಇಲ್ಲದವರ ಕಷ್ಟ ಬ್ಯಾಂಕಿನ ಬಾಗಿಲಿಗೇ ಮುಗಿಯುವುದಿಲ್ಲ.

ಅಧಿಕೃತ ಬಳಕೆದಾರ ಯಾರು?

ಕಾರ್ಡು ಹೊಂದಿರುವವರು ತಮ್ಮ ಮನೆಯವರ ಹೆಸರನ್ನು ಅದೇ ಖಾತೆಗೆ ಸೇರಿಸಬಹುದು. ಹೀಗೆ ಸೇರಿದವರು ಆ ಖಾತೆಯಲ್ಲಿ ಖರ್ಚು ಮಾಡಬಹುದು. ಆದರೆ ಬಿಲ್ ಕಟ್ಟುವ ಕಾನೂನಿನ ಹೊಣೆ ಸಾಮಾನ್ಯವಾಗಿ ಮೂಲ ಕಾರ್ಡುದಾರರದೇ. ಅಮೆರಿಕದ ವಿಶೇಷವೆಂದರೆ, ಅನೇಕ ಬ್ಯಾಂಕುಗಳು ಆ ಖಾತೆಯ ವಿವರವನ್ನು ಬಳಕೆದಾರನ ಹೆಸರಿನಲ್ಲೂ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳಿಗೆ ಕಳುಹಿಸುತ್ತವೆ. ಖಾತೆ ಹದಿನೈದು ವರ್ಷ ಹಳೆಯದಾಗಿದ್ದರೆ, ನಿನ್ನೆ ಹೆಸರು ಸೇರಿಸಿದ ಹುಡುಗನ ದಾಖಲೆಯಲ್ಲೂ ಹದಿನೈದು ವರ್ಷದ ಖಾತೆ ಕಾಣಿಸಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬನ ಬಳಿ 1,000 ಡಾಲರ್ ಮಿತಿಯ ಒಂದು ಕಾರ್ಡು ಇದೆ, ಒಂದು ವರ್ಷ ಹಳೆಯದು, ಬಾಕಿ 600 ಡಾಲರ್. ಮಿತಿಯಲ್ಲಿ ಶೇ. 60 ಬಳಸಿದ್ದಾನೆ. ಈಗ 9,000 ಡಾಲರ್ ಮಿತಿಯ, 400 ಡಾಲರ್ ಬಾಕಿಯ, ಹದಿನೈದು ವರ್ಷ ಹಳೆಯ ಕಾರ್ಡಿನಲ್ಲಿ ಅವನ ಹೆಸರು ಸೇರಿತು.

ಒಟ್ಟು ಮಿತಿ: 1,000 + 9,000 = 10,000 ಡಾಲರ್
ಒಟ್ಟು ಬಾಕಿ: 600 + 400 = 1,000 ಡಾಲರ್
ಬಳಕೆ: ಶೇ. 10
ಖಾತೆಗಳ ಸರಾಸರಿ ವಯಸ್ಸು: (1 + 15) ÷ 2 = 8 ವರ್ಷ

ಶೇ. 60 ಇದ್ದದ್ದು ಶೇ. 10 ಆಯಿತು, ಒಂದು ವರ್ಷ ಎಂಟು ವರ್ಷವಾಯಿತು. ಆದರೆ ಅವನ 600 ಡಾಲರ್ ಸಾಲದಲ್ಲಿ ಒಂದು ಡಾಲರ್ ಕೂಡ ಇಳಿದಿಲ್ಲ. ಫೆಡರಲ್ ರಿಸರ್ವ್‌ನ ಸಂಶೋಧಕರು 2010ರಲ್ಲಿ ಈ ವಿಷಯ ಅಧ್ಯಯನ ಮಾಡಿದಾಗ, ಹೀಗೆ ಹೆಸರು ಸೇರಿಸುವುದರಿಂದ ಸ್ಕೋರ್ ಗಣನೀಯವಾಗಿ ಏರಬಹುದು, ಅದರಲ್ಲೂ ಸಾಲದ ಇತಿಹಾಸ ಕಡಿಮೆ ಇರುವವರಿಗೆ ಹೆಚ್ಚು ಲಾಭ ಎಂದು ಕಂಡುಕೊಂಡರು.

ಇದರ ಇನ್ನೊಂದು ಮುಖವೂ ಇದೆ. ಮೂಲ ಕಾರ್ಡುದಾರರು ಬಿಲ್ ಕಟ್ಟುವುದು ತಪ್ಪಿಸಿದರೆ ಬಳಕೆದಾರನ ದಾಖಲೆಗೂ ಪೆಟ್ಟು ಬೀಳಬಹುದು. ಬಳಕೆದಾರ ಮನಬಂದಂತೆ ಖರ್ಚು ಮಾಡಿದರೆ ಬಿಲ್ ಮೂಲ ಕಾರ್ಡುದಾರರ ತಲೆಯ ಮೇಲೆ.

ಈ ವ್ಯವಸ್ಥೆ ಬಂದದ್ದು ಏಕೆ?

ಇದು ಮೋಸಕ್ಕಾಗಿ ಹುಟ್ಟಿದ ವ್ಯವಸ್ಥೆಯಲ್ಲ. ಹಿಂದೆ ಅಮೆರಿಕದಲ್ಲಿ ಗಂಡ-ಹೆಂಡತಿ ಇಬ್ಬರೂ ಸೇರಿ ಸಾಲ ತೀರಿಸಿದರೂ ದಾಖಲೆ ಹೆಚ್ಚಾಗಿ ಗಂಡನ ಹೆಸರಿನಲ್ಲೇ ಬೆಳೆಯುತ್ತಿತ್ತು. ಗಂಡ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ ಹೆಂಡತಿ ಎಂದೂ ಸಾಲವನ್ನೇ ಕಾಣದವಳಂತೆ ಬ್ಯಾಂಕಿನ ಮುಂದೆ ನಿಲ್ಲಬೇಕಿತ್ತು. 1974ರಲ್ಲಿ ಸಮಾನ ಸಾಲಾವಕಾಶ ಕಾಯಿದೆ ಬಂದು, ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದಲ್ಲಿ ಸಾಲದಲ್ಲಿ ತಾರತಮ್ಯ ಮಾಡಬಾರದು ಎಂದಿತು. ಅದರ ಕೆಳಗಿನ ನಿಯಮಗಳು, ಗಂಡ-ಹೆಂಡತಿ ಇಬ್ಬರೂ ಬಳಸುವ ಖಾತೆಯನ್ನು ಇಬ್ಬರ ಹೆಸರಿನಲ್ಲೂ ವರದಿ ಮಾಡಬೇಕು ಎಂದವು. ಹೆಂಡತಿ ‘ಅಧಿಕೃತ ಬಳಕೆದಾರಳು’ ಮಾತ್ರ ಆಗಿದ್ದರೂ ಈ ನಿಯಮ ಅನ್ವಯಿಸುತ್ತದೆ.

ಅಂದರೆ ನಿಜವಾಗಿ ಮನೆ ನಡೆಸಿದ ಹೆಣ್ಣುಮಕ್ಕಳ ಶ್ರಮಕ್ಕೆ ದಾಖಲೆ ಸಿಗಲಿ ಎಂಬುದು ಇದರ ಉದ್ದೇಶ. ಆದರೆ ಗಣಕಯಂತ್ರಕ್ಕೆ ಬಳಕೆದಾರ ಹೆಂಡತಿಯೋ, ಮಗನೋ, ಮುಖವನ್ನೇ ನೋಡದ ಅಪರಿಚಿತನೋ ಗೊತ್ತಾಗುವುದಿಲ್ಲ. ಆ ಬಿರುಕಿನಲ್ಲಿ ಒಂದು ವ್ಯಾಪಾರ ಹುಟ್ಟಿತು.

ಕಾರ್ಡಿನಲ್ಲಿ ಜಾಗ ಮಾರುವವರು

ಒಳ್ಳೆಯ ದಾಖಲೆ ಇರುವ ಕಾರ್ಡುದಾರರನ್ನೂ ಸ್ಕೋರ್ ಬೇಕಾದವರನ್ನೂ ಜೋಡಿಸುವ ಮಧ್ಯವರ್ತಿಗಳು ಹುಟ್ಟಿಕೊಂಡರು. ಕೊಳ್ಳುವವನು ನೂರಾರು ಡಾಲರ್, ಕೆಲವೊಮ್ಮೆ ಸಾವಿರಕ್ಕೂ ಮೀರಿ ಕೊಡುತ್ತಾನೆ. ಅವನ ಹೆಸರು ಒಂದೆರಡು ತಿಂಗಳು ಅಪರಿಚಿತನ ಖಾತೆಯಲ್ಲಿರುತ್ತದೆ. ಕಾರ್ಡು ಮಾತ್ರ ಅವನ ಕೈಗೆ ಬರುವುದಿಲ್ಲ. ಅಷ್ಟರಲ್ಲಿ ಅವನು ಸಾಲಕ್ಕೆ ಅರ್ಜಿ ಹಾಕುತ್ತಾನೆ. ನಂತರ ಹೆಸರು ತೆಗೆಯುತ್ತಾರೆ. ಹಣವನ್ನು ಮಧ್ಯವರ್ತಿಯೂ ಕಾರ್ಡುದಾರನೂ ಹಂಚಿಕೊಳ್ಳುತ್ತಾರೆ.

2007ರಲ್ಲಿ ಫೈಕೋ ಕಂಪನಿ, ತನ್ನ ಹೊಸ ಸ್ಕೋರ್‌ನಲ್ಲಿ ಅಧಿಕೃತ ಬಳಕೆದಾರರ ಖಾತೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಹಾಗೆ ಮಾಡಿದರೆ ನಿಜವಾದ ಗಂಡ-ಹೆಂಡತಿ, ಮಕ್ಕಳ ದಾಖಲೆಯೂ ಅಳಿಸಿಹೋಗುತ್ತದೆ ಎಂಬ ಆಕ್ಷೇಪ ಬಂತು. 2008ರಲ್ಲಿ ಕಂಪನಿ ನಿರ್ಧಾರ ಬದಲಿಸಿ, ಅವನ್ನು ಲೆಕ್ಕಕ್ಕೆ ಇಟ್ಟುಕೊಂಡು, ಕೊಂಡುಕೊಂಡ ಹೆಸರುಗಳ ಪ್ರಭಾವ ಕಡಿಮೆಯಾಗುವಂತೆ ಸೂತ್ರ ತಿದ್ದಿರುವುದಾಗಿ ಹೇಳಿತು. ಕಳ್ಳನನ್ನು ತಡೆಯಲು ಬಾಗಿಲಿಗೇ ಗೋಡೆ ಕಟ್ಟಿದರೆ ಮನೆಯವರೂ ಹೊರಗೇ ಉಳಿಯಬೇಕಾಗುತ್ತದೆ ಎಂಬುದು ಅವರಿಗೂ ಅರಿವಾಯಿತು.

ಕಾನೂನು ಏನು ಹೇಳುತ್ತದೆ? ಹೆಸರು ಸೇರಿಸುವುದೇ ಅಪರಾಧ ಎಂದು ಅಲ್ಲಿ ನೇರ ಕಾನೂನು ಇಲ್ಲ. ಆದರೆ ಸಾಲ ಪಡೆಯಲು ಬ್ಯಾಂಕಿಗೆ ತಿಳಿದೂ ತಿಳಿದೂ ಸುಳ್ಳು ಹೇಳುವುದು ಫೆಡರಲ್ ಅಪರಾಧ. 2020ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇಂಥ ಜಾಗ ಮಾರುತ್ತಿದ್ದ ಒಂದು ಸಂಸ್ಥೆಯ ಮೇಲೆ, ಸ್ಕೋರ್ ಏರುತ್ತದೆ ಎಂದು ಹುಸಿ ಭರವಸೆ ಕೊಟ್ಟಿದೆ, ಮುಂಗಡ ಹಣ ಪಡೆದಿದೆ ಎಂದು ಆರೋಪ ಹೊರಿಸಿ ಪ್ರಕರಣ ಇತ್ಯರ್ಥಪಡಿಸಿತು. ಕಾನೂನು ಎಲ್ಲವನ್ನೂ ಹೇಳದ ಕಡೆ ನಾವೇ ಯೋಚಿಸಬೇಕಾಗುತ್ತದೆ.

ನಮ್ಮ ಮನೆಯಲ್ಲಿ ನಡೆದ ಚರ್ಚೆ

ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಫುಪ್ಪಿಯ ಮಗ ಟೆಕ್ಸಸ್‌ನಲ್ಲಿ ಎಂ.ಎಸ್. ಓದಲು ಹೋದರು. ಹೊಸದಾಗಿ ಹೋದವರಿಗೆ ಅಲ್ಲಿ ಸ್ಕೋರ್ ಇರುವುದಿಲ್ಲ. 2009ರ ಕಾನೂನಿನ ಪ್ರಕಾರ 21 ವರ್ಷ ತುಂಬದವರು ಸ್ವಂತ ಆದಾಯ ತೋರಿಸದೆ ಅಥವಾ ಜೊತೆಗೆ ಹೊಣೆ ಹೊರುವವರಿಲ್ಲದೆ ಕಾರ್ಡು ಪಡೆಯಲಾಗದು. ಭಾಯ್‌ಜಾನ್‌ಗೆ ವಯಸ್ಸು ದಾಟಿತ್ತು, ಆದರೆ ಆದಾಯ ಇರಲಿಲ್ಲ. ಅಲ್ಲಿ ಬಹಳ ವರ್ಷಗಳಿಂದ ನೆಲೆಸಿರುವ ಅವರ ಚಾಚಾ ತಮ್ಮ ಕಾರ್ಡಿನಲ್ಲಿ ಅವರ ಹೆಸರು ಸೇರಿಸಿದರು. ಭಾಯ್‌ಜಾನ್ ಅದರಲ್ಲಿ ಪುಸ್ತಕ, ದಿನಸಿ ಕೊಂಡು, ತಿಂಗಳ ಕೊನೆಗೆ ಪೈಸೆ ಪೈಸೆ ಲೆಕ್ಕ ಮಾಡಿ ಚಾಚಾ ಅವರಿಗೆ ಕಳುಹಿಸುತ್ತಿದ್ದರು. ಎರಡು ವರ್ಷದಲ್ಲಿ ಅವರಿಗೆ ಸ್ವಂತ ಕಾರ್ಡು ಸಿಕ್ಕಿತು.

ಕೆಲಸ ಸೇರಿದ ಮೇಲೆ ಯಾರೋ ಒಬ್ಬರು ಅವರಿಗೆ, ನಿಮ್ಮ ಕಾರ್ಡಿನಲ್ಲಿ ಬೇರೆಯವರ ಹೆಸರು ಸೇರಿಸಿ, ಹೆಸರಿಗೆ ಇಷ್ಟು ಎಂದು ಹಣ ಕೊಡುತ್ತೇವೆ, ಕಾರ್ಡು ಕೊಡಬೇಕಾಗಿಲ್ಲ, ನಿಮಗೆ ನಷ್ಟವೇ ಇಲ್ಲ ಎಂದರಂತೆ. ಭಾಯ್‌ಜಾನ್ ಫೋನ್ ಮಾಡಿದಾಗ ಅಬ್ಬಾ ಅವರನ್ನು ಕೇಳಿದರು: “ಮಾಮು, ಇದರಲ್ಲಿ ತಪ್ಪೇನಾದರೂ ಇದೆಯಾ?”

ಅಬ್ಬಾ ಅವರದು ಹಾರ್ಡ್‌ವೇರ್ ಅಂಗಡಿ. ಗಾರೆ ಕೆಲಸದವರಿಗೆ, ಮೇಸ್ತ್ರಿಗಳಿಗೆ ಉದ್ರಿ ಕೊಡುತ್ತಾರೆ. ಹೊಸಬರು ಉದ್ರಿ ಕೇಳಿದರೆ “ಯಾರು ಹೇಳಿದವರು?” ಎಂದು ಮೊದಲು ಕೇಳುತ್ತಾರೆ. ಅವರು ಭಾಯ್‌ಜಾನ್‌ಗೂ ಒಂದೇ ಪ್ರಶ್ನೆ ಕೇಳಿದರು: “ಬೇಟಾ, ಆ ಮನುಷ್ಯ ನಾಳೆ ಸಾಲ ಕಟ್ಟದಿದ್ದರೆ ನೀನು ಕಟ್ಟುತ್ತೀಯಾ?”

“ಇಲ್ಲ ಮಾಮು. ಅವನು ಯಾರೆಂದೇ ನನಗೆ ಗೊತ್ತಿರುವುದಿಲ್ಲ.”

“ಹಾಗಾದರೆ ಅವನಿಗೆ ಯಾಕೆ ಸಾಕ್ಷಿ ಹೇಳುತ್ತೀಯಾ?”

ಪಕ್ಕದಲ್ಲಿದ್ದ ಅಮ್ಮಿ ಸುಮ್ಮನಿರಲಿಲ್ಲ. “ನಿನಗೆ ಚಾಚಾ ಇದ್ದರು, ಹೆಸರು ಸೇರಿಸಿದರು. ಚಾಚಾ ಇಲ್ಲದ ಹುಡುಗ ಏನು ಮಾಡಬೇಕು? ದುಡ್ಡು ಕೊಟ್ಟು ಕೊಳ್ಳುವುದು ಬಿಟ್ಟರೆ ಅವನಿಗೆ ಬೇರೆ ದಾರಿ ಇದೆಯಾ?” ಎಂದು ಕೇಳಿದರು. ಅಬ್ಬಾ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಲೇಖನ ಬರೆದಿದ್ದೇನೆ.

ಅಮ್ಮಿಯ ಪ್ರಶ್ನೆ ಎಷ್ಟು ಸರಿ?

ಅಮ್ಮಿಯ ಪ್ರಶ್ನೆಯಲ್ಲಿ ನ್ಯಾಯ ಇದೆ. ಕೆಲವು ಬ್ಯಾಂಕುಗಳು ಹದಿಹರೆಯದ ಮಕ್ಕಳ ಹೆಸರನ್ನೂ ತಂದೆ-ತಾಯಿಯ ಕಾರ್ಡಿಗೆ ಸೇರಿಸಲು ಬಿಡುತ್ತವೆ. ಅನುಕೂಲಸ್ಥರ ಮನೆಯ ಮಗು ಕಾಲೇಜು ಸೇರುವ ಹೊತ್ತಿಗೆ ಒಳ್ಳೆಯ ದಾಖಲೆ ಸಿದ್ಧವಾಗಿರುತ್ತದೆ. ಅದು ಆ ಮಗು ಗಳಿಸಿದ್ದಲ್ಲ. ಬಡವರ ಮಗುವಿಗೆ, ಹೊಸದಾಗಿ ಆ ದೇಶಕ್ಕೆ ಬಂದವರ ಮಗುವಿಗೆ ಹೀಗೆ ಕೊಡಲು ಮನೆಯಲ್ಲಿ ಏನೂ ಇರುವುದಿಲ್ಲ. ಹಾಗಾದರೆ, ಉಳ್ಳವರಿಗೆ ಪುಕ್ಕಟೆ ಸಿಗುವುದನ್ನು ಇಲ್ಲದವರಿಗೆ ನಾವು ಮಾರುತ್ತೇವೆ ಎಂದು ಮಧ್ಯವರ್ತಿಗಳು ವಾದಿಸಬಹುದು.

ಈ ವಾದವನ್ನು ನಾನು ಮೂರು ಕಾರಣಕ್ಕೆ ಒಪ್ಪುವುದಿಲ್ಲ.

ಮೊದಲನೆಯದು, ಕೊಳ್ಳುವವನಿಗೇ ಆಗುವ ಹಾನಿ. ಸ್ಕೋರ್ ಏರಿದರೆ ಸಾಲ ದೊಡ್ಡದಾಗುತ್ತದೆ, ಸಂಬಳ ದೊಡ್ಡದಾಗುವುದಿಲ್ಲ. ಹೊರಲಾರದ ಕಂತು ಹೆಗಲೇರುತ್ತದೆ. ಅದರ ಜೊತೆಗೆ ಅವನು ತನ್ನ ಜನ್ಮದಿನಾಂಕ, ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನು ಗುರುತಿಲ್ಲದವರ ಕೈಗೆ ಕೊಟ್ಟಿರುತ್ತಾನೆ.

ಎರಡನೆಯದು, ನಷ್ಟ ಯಾರದು ಎಂಬುದು. ಸಾಲ ಮುಳುಗಿದರೆ ಬ್ಯಾಂಕಿಗೆ ತಾನೇ ಹೋಗುವುದು ಎನ್ನುತ್ತೇವೆ. ಆದರೆ ಅರ್ಥಶಾಸ್ತ್ರದಲ್ಲಿ ನಾವು ಓದಿರುವಂತೆ, ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚುತ್ತದೆ. ಸ್ಕೋರ್ ನಂಬಲಾಗದಂತಾದರೆ ಬ್ಯಾಂಕು ಎಲ್ಲರ ಮೇಲೂ ಸಂಶಯ ಪಡುತ್ತದೆ. ಕಡಿಮೆ ದಾಖಲೆ ಇದ್ದರೂ ಪ್ರಾಮಾಣಿಕವಾಗಿ ಕಟ್ಟುವವನಿಗೆ ಬಡ್ಡಿ ಏರುತ್ತದೆ. ಅಂದರೆ ಚಾಚಾ ಇಲ್ಲದ ಇನ್ನೊಬ್ಬ ಹುಡುಗನೇ ಅದರ ಬೆಲೆ ತೆರುತ್ತಾನೆ.

ಮೂರನೆಯದು, ಅಬ್ಬಾ ಹೇಳಿದ ಸಾಕ್ಷಿಯ ಮಾತು. ಕನ್ನಡದಲ್ಲಿ ನಾವು ಜಾಮೀನು ಎನ್ನುತ್ತೇವೆ, ಮನೆಯಲ್ಲಿ ಉರ್ದುವಿನಲ್ಲಿ ಜಮಾನತ್ ಎನ್ನುತ್ತೇವೆ. ಎರಡೂ ಒಂದೇ ಬೇರಿನ ಪದಗಳು. ಜಾಮೀನು ನಿಲ್ಲುವವನು ತನ್ನ ಹೆಸರಿನ ಜೊತೆಗೆ ತನ್ನ ಗಂಟನ್ನೂ ಮುಂದಿಡುತ್ತಾನೆ. ಚಾಚಾ ಹಾಗೆ ಇಟ್ಟರು. ಭಾಯ್‌ಜಾನ್ ಮಿತಿ ಮೀರಿ ಖರ್ಚು ಮಾಡಿದ್ದರೆ ಬಿಲ್ ಚಾಚಾ ಅವರೇ ಕಟ್ಟಬೇಕಿತ್ತು. ಆ ಅಪಾಯ ಗೊತ್ತಿದ್ದೂ ಅವರು ಹೆಸರು ಸೇರಿಸಿದ್ದರಿಂದ ಅದಕ್ಕೆ ಬೆಲೆ ಇದೆ. ಜಾಗ ಮಾರುವವನು ಕಾರ್ಡನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ. ಅವನು ಏನನ್ನೂ ಮುಂದಿಡುವುದಿಲ್ಲ. ಆದರೂ ಬ್ಯಾಂಕಿನ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಹಾಗೆಂದು ರಕ್ತಸಂಬಂಧ ಇದ್ದರೆ ಎಲ್ಲವೂ ಸರಿ ಎಂದೂ ನಾನು ಹೇಳುವುದಿಲ್ಲ. ಮಗ ಮನೆ ಸಾಲಕ್ಕೆ ಅರ್ಜಿ ಹಾಕುವ ಒಂದು ತಿಂಗಳು ಮೊದಲು ತಂದೆ ಅವನ ಹೆಸರು ಸೇರಿಸಿ, ಕಾರ್ಡನ್ನು ಬೀರುವಿನಲ್ಲಿಟ್ಟು, ಸಾಲ ಸಿಕ್ಕ ಮೇಲೆ ಹೆಸರು ತೆಗೆಸಿದರೆ ಅದೂ ಮಾರ್ಚ್ 29ರ ವಿಂಡೋ ಡ್ರೆಸ್ಸಿಂಗೇ. ಹಣ ಕೈ ಬದಲಾಗಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೆಸರಿನ ಹಿಂದೆ ನಿಜವಾದ ಬಳಕೆ, ನಿಜವಾದ ಹೊಣೆ ಇದೆಯೇ ಎಂಬುದನ್ನೇ ನಾವು ನೋಡಬೇಕು.

ಅಮ್ಮಿಯ ಹುಡುಗನಿಗೆ ದಾರಿ ಇಲ್ಲವೇ? ಇದೆ, ಆದರೆ ನಿಧಾನ. ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡು ಒಂದು. ಕ್ರೆಡಿಟ್ ಯೂನಿಯನ್ ಎಂಬ ಸಹಕಾರಿ ಸಂಸ್ಥೆಗಳು ದಾಖಲೆ ಬೆಳೆಸಲೆಂದೇ ಕೊಡುವ ಸಣ್ಣ ಸಾಲ ಇನ್ನೊಂದು. ತಿಂಗಳು ತಿಂಗಳು ತಪ್ಪದೆ ಕಟ್ಟಿದ ಮನೆ ಬಾಡಿಗೆಯನ್ನು ದಾಖಲೆಗೆ ಸೇರಿಸುವ ಸೇವೆಗಳೂ ಅಲ್ಲಿ ಬಂದಿವೆ. ಬಡವರು ಬಾಡಿಗೆ ಕಟ್ಟುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ. ಆ ಪ್ರಾಮಾಣಿಕತೆಯನ್ನು ಲೆಕ್ಕಕ್ಕೆ ಹಿಡಿಯದೆ ಕಾರ್ಡನ್ನು ಮಾತ್ರ ಹಿಡಿಯುವುದು ಸ್ಕೋರ್ ವ್ಯವಸ್ಥೆಯ ದೋಷ. ಆ ದೋಷವನ್ನು ಸರಿಪಡಿಸಿ ಎಂದು ಕೇಳುವುದು ಹಕ್ಕು. ಅದನ್ನು ನೆಪ ಮಾಡಿಕೊಂಡು ಇನ್ನೊಬ್ಬರ ಇತಿಹಾಸ ಕೊಳ್ಳುವುದು ಪರಿಹಾರವಲ್ಲ.

ನಮ್ಮ ದೇಶದಲ್ಲಿ ಹೇಗೆ?

ಭಾರತದಲ್ಲಿ ನಾವು ಸಾಮಾನ್ಯವಾಗಿ ಕೇಳುವುದು ಸಿಬಿಲ್ ಸ್ಕೋರ್. ಸಿಬಿಲ್ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು, ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಇಂಥ ಸಂಸ್ಥೆಗಳಿಗಾಗಿ 2005ರ ಕಾಯಿದೆಯೂ ಇದೆ. ಇಲ್ಲಿಯೂ ಮನೆಯವರಿಗೆ ಆಡ್-ಆನ್ ಕಾರ್ಡು ಕೊಡುತ್ತಾರೆ. ಆದರೆ ಅದರ ವಹಿವಾಟು ಸಾಮಾನ್ಯವಾಗಿ ಮೂಲ ಕಾರ್ಡುದಾರರ ದಾಖಲೆಗೇ ಹೋಗುತ್ತದೆ, ಆಡ್-ಆನ್ ಪಡೆದವರ ಸ್ಕೋರ್ ಅದರಿಂದ ಬೆಳೆಯುವುದಿಲ್ಲ. ಹೀಗಾಗಿ ಅಮೆರಿಕದ ಈ ವ್ಯಾಪಾರಕ್ಕೆ ಇಲ್ಲಿ ಜಾಗ ಕಡಿಮೆ.

ಆದರೆ ಹೆಸರನ್ನು ಎರವಲು ಕೊಡುವುದು ನಮ್ಮಲ್ಲೂ ಬೇರೆ ರೂಪದಲ್ಲಿದೆ. “ನನಗೆ ಲೋನ್ ಸಿಗುತ್ತಿಲ್ಲ, ನಿನ್ನ ಹೆಸರಿನಲ್ಲಿ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ” ಎಂದು ನೆಂಟರು ಕೇಳುತ್ತಾರೆ. “ನಿನ್ನ ಕಾರ್ಡಿನಲ್ಲಿ ಇಎಂಐ ಹಾಕಿಸಿ ಮೊಬೈಲ್ ಕೊಡಿಸು” ಎಂದು ಗೆಳೆಯರು ಕೇಳುತ್ತಾರೆ. ಅವರು ಕಟ್ಟದಿದ್ದರೆ ಸ್ಕೋರ್ ಬೀಳುವುದು ಹೆಸರು ಕೊಟ್ಟವರದು. ಜಾಮೀನು ನಿಂತರೆ ಹೊಣೆ ಇನ್ನೂ ಸ್ಪಷ್ಟ: 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಜಾಮೀನು ನಿಂತ ಸಾಲವೂ ನಮ್ಮ ಕ್ರೆಡಿಟ್ ವರದಿಯಲ್ಲಿ ಕಾಣಿಸುತ್ತದೆ. ವರ್ಷಕ್ಕೊಮ್ಮೆ ಈ ವರದಿಯನ್ನು ಉಚಿತವಾಗಿ ಪಡೆಯಲು ರಿಸರ್ವ್ ಬ್ಯಾಂಕ್ ಅವಕಾಶ ಮಾಡಿಕೊಟ್ಟಿದೆ. ಮನೆಯ ಹಿರಿಯರಿಗೆ ಅದನ್ನು ತೆಗೆಸಿಕೊಡುವುದು ವಾಣಿಜ್ಯ ವಿದ್ಯಾರ್ಥಿಗಳಾದ ನಮ್ಮಿಂದ ಆಗುವ ಕೆಲಸ.

ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಇನ್ನೊಂದು ವರ್ಷದಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬುತ್ತದೆ. ನಮ್ಮ ಹೆಸರಿನಲ್ಲೂ ಖಾತೆ, ಕಾರ್ಡು, ಶಿಕ್ಷಣ ಸಾಲ ಬರಬಹುದು. ಹೆಸರು ಕೊಡುವ ಮೊದಲು ಅಥವಾ ಪಡೆಯುವ ಮೊದಲು ಈ ಮೂರನ್ನು ಕೇಳಿಕೊಳ್ಳೋಣ:

1. ಈ ಖಾತೆಯನ್ನು ನಾವಿಬ್ಬರೂ ನಿಜವಾಗಿ ಬಳಸುತ್ತೇವೆಯೇ, ಅಥವಾ ಇದು ತೋರಿಕೆಗೆ ಮಾತ್ರವೇ?
2. ಒಂದು ವೇಳೆ ಹಣ ಬರದಿದ್ದರೆ ಕಟ್ಟುವವರು ಯಾರು? ಅವರಿಗೆ ಅದು ಗೊತ್ತಿದೆಯೇ?
3. ಸಾಲ ಕೊಡುವ ಬ್ಯಾಂಕಿನ ಅಧಿಕಾರಿ ಎದುರು ಕೂತು ಕೇಳಿದರೆ, ಹೆಸರು ಹೇಗೆ ಸೇರಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬಲ್ಲೆವೇ?

ಭಾಯ್‌ಜಾನ್ ಆ ಹಣ ಬೇಡ ಎಂದರು. ಈಗ ಅವರ ಕೋಣೆಗೆ ಊರಿನಿಂದ ಹೊಸ ಹುಡುಗನೊಬ್ಬ ಬಂದಿದ್ದಾನಂತೆ, ಅವನಿಗೂ ಸ್ಕೋರ್ ಇಲ್ಲ, ಅಲ್ಲಿ ನೆಂಟರೂ ಇಲ್ಲ. ಭಾಯ್‌ಜಾನ್ ಅವನನ್ನು ಕ್ರೆಡಿಟ್ ಯೂನಿಯನ್‌ಗೆ ಕರೆದುಕೊಂಡು ಹೋಗಿ 300 ಡಾಲರ್ ಠೇವಣಿಯ ಕಾರ್ಡು ಮಾಡಿಸಿಕೊಟ್ಟರು. ಠೇವಣಿಯಲ್ಲಿ 100 ಡಾಲರ್ ಭಾಯ್‌ಜಾನ್ ಕೊಟ್ಟ ಕೈಸಾಲ. ಆ ಹುಡುಗ ಹಿಂದಿರುಗಿಸದಿದ್ದರೆ ಆ 100 ಡಾಲರ್ ಹೋಗುವುದು ಭಾಯ್‌ಜಾನ್ ಅವರದೇ, ಅದು ಗೊತ್ತಿದ್ದೇ ಕೊಟ್ಟಿದ್ದಾರೆ.

ಇದಕ್ಕಿಂತ ಒಳ್ಳೆಯ ಉತ್ತರ ನಿಮಗೆ ತೋಚಿದರೆ ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ಅಮ್ಮಿಗೆ ಓದಿ ಹೇಳುತ್ತೇನೆ.